ಬುವಾ ಸಾವನ್ನು ಮುಂದೂಡಿದ್ದು

ಬನಾರಸ್, ಡಿಸೆಂಬರ್ 11, 1810

ಇವತ್ತು ಮೂವತ್ತೆಂಟು ಮನೆ ಅಳೆದೆವು. ಒಂದು ಗೂಳಿ ತಿವಿಯಿತು, ಒಬ್ಬ ಪಂಡಿತರು ಶಾಪ ಕೊಟ್ಟರು, ಮೂರನೇ ಮಹಡಿಯಿಂದ ಯಾರೋ ಪಾತ್ರೆ ತೊಳೆದ ನೀರು ಸುರಿದರು. ಮೂವರಲ್ಲಿ ಗೂಳಿಯೇ ವಾಸಿ. ಅದು ಎದುರಿನಿಂದ ಬಂದಿತ್ತು.

ಕಂಪನಿ ಸರ್ಕಾರ ಮನೆಗಳ ಮೇಲೆ ತೆರಿಗೆ ಹಾಕಿದೆ. ಹೊಲಕ್ಕೆ ಕಂದಾಯ ಕೇಳುವುದು, ದೋಣಿಗೆ ಸುಂಕ ಕೇಳುವುದು ಊರಿಗೆ ಹೊಸತಲ್ಲ. ಮಲಗುವ ಸೂರಿಗೆ ಕೇಳಿದ್ದು ಇದೇ ಮೊದಲು. ಅಳೆಯುವವರು ಸರಪಳಿ ಹಿಡಿದು ಅಳೆಯುತ್ತಾರೆ. ನಾನು ಬಾಗಿಲಲ್ಲಿ ನಿಂತು ‘ಈ ಮನೆ ಯಾರದು?’ ಎಂದು ಕೇಳಿ ದಫ್ತರದಲ್ಲಿ ಹೆಸರು ಬರೆಯುತ್ತೇನೆ. ಬನಾರಸದವರ ಉತ್ತರ ಒಂದೇ: "ಬಾಬಾ ವಿಶ್ವನಾಥನದು ಗುರು, ನಾವು ಬಾಡಿಗೆಗೆ ಇದೀವಿ."

ಪಕ್ಕದ ಮೊಹಲ್ಲಾ ನೋಡಿಕೊಳ್ಳುವ ಮೀರ್ ಇನಾಯತ್ ಸೋಮಾರಿ. ಜನ ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಬಂದಿದ್ದ. ಅವನ ದಫ್ತರದ ಪ್ರಕಾರ ವಿಶ್ವನಾಥನಿಗೆ ಐವತ್ತಾರು ಮನೆ, ಅಲ್ಲಾಹನಿಗೆ ಇಪ್ಪತ್ತು, ನಂದಿಗೆ ಒಂದು ಕೊಟ್ಟಿಗೆ. ಕಲೆಕ್ಟರ್ ಸಾಹೇಬ ಕೇಳಿದ, "ಈ ವಿಶ್ವನಾಥ ಎಂಬುವವನು ಇಷ್ಟು ಆಸ್ತಿವಂತನಾಗಿದ್ದೂ ಒಮ್ಮೆಯೂ ಕಚೇರಿಗೆ ಬಂದು ಸಲಾಂ ಮಾಡಿಲ್ಲವಲ್ಲ?" ಇನಾಯತ್ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು.

ನನ್ನ ದಫ್ತರದಲ್ಲಿ ಒಬ್ಬ ದೇವರೂ ಇಲ್ಲ. ಮುನ್ಶಿಯ ಕೆಲಸ ಜನ ಹೇಳಿದ್ದನ್ನು ಬರೆಯುವುದಲ್ಲ, ಇದ್ದದ್ದನ್ನು ಬರೆಯುವುದು.

ಕೊನೆಗೆ ಬ್ರಹ್ಮನಾಳದ ನಮ್ಮ ಮನೆಯೂ ಬಂತು. ನಮ್ಮ ಮನೆ ಎನ್ನುವುದು ಬಾಯಿಮಾತು. ಇದು ಬುವಾಳದು. ನನ್ನ ಅಪ್ಪನ ಅಕ್ಕ, ಹೆಸರು ಜನಕ್‌ದುಲಾರಿ, ಮಕ್ಕಳಿಲ್ಲದ ವಿಧವೆ, ವಯಸ್ಸು ಎಪ್ಪತ್ತೆಂಟು. ಹನ್ನೊಂದು ವರ್ಷದ ಹಿಂದೆ ಕಾಶಿಯಲ್ಲಿ ಸಾಯುತ್ತೇನೆಂದು ಜೌನ್‌ಪುರದಿಂದ ಬಂದು, ಒಡವೆ ಮಾರಿ, ಮಣಿಕರ್ಣಿಕೆಯ ಮಸಣದ ಹೊಗೆ ಕಾಣುವ ಈ ಮನೆ ಕೊಂಡಳು. ಸಾಯುವವರೆಗೆ ನೋಡಿಕೊಳ್ಳಲು ನಾನೂ ನನ್ನ ಹೆಂಡತಿ ಇಮರ್ತಿಯೂ ಬಂದೆವು. ಆರು ತಿಂಗಳ ಮಾತು ಅಂದುಕೊಂಡಿದ್ದೆವು.

ಕಾನೂನಿನಂತೆ ಅವಳನ್ನೂ ಕೇಳಿದೆ. "ವಿಶ್ವನಾಥನದು" ಅಂದಳು. ಕಾನೂನಿನಂತೆ ಬರೆದೆ: ‘ಜನಕ್‌ದುಲಾರಿ, ವಿಧವೆ, ಮಾಲೀಕಳು.’ ಓದಿ ಹೇಳಿದ್ದೇ ತಪ್ಪಾಯಿತು.

"ಹನ್ನೊಂದು ವರ್ಷದಿಂದ ಒಂದೊಂದೇ ಬಿಟ್ಕೊಂಡು ಬಂದೆ ಕಣೋ ಬೇನಿಯಾ. ಒಡವೆ ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ, ಓರಗಿತ್ತಿ ಮೇಲಿನ ಸಿಟ್ಟೂ ಬಿಟ್ಟೆ. ಹೊರಡೋ ಹೊತ್ತಿಗೆ ನೀನು ತಲೆ ಮೇಲೆ ಒಂದು ಮನೆ ಇಟ್ಟೆ. ಇದನ್ನ ಹೊತ್ಕೊಂಡು ಮುಕ್ತಿಗೆ ಹೋಗಲಾ?"

"ಬುವಾ, ಅದು ಬರೀ ಕಾಗದ."

"ಯಮನ ಹತ್ರ ಇರೋದೂ ಕಾಗದವೇ. ಬರೆಯೋ ಚಿತ್ರಗುಪ್ತನೂ ನಮ್ಮ ಕಾಯಸ್ಥರ ಮೂಲಪುರುಷನೇ. ಕುಲಕ್ಕೇ ಅಂಟಿದ ರೋಗ."

ಡಿಸೆಂಬರ್ 19

ಬುವಾಳಿಗೆ ಜ್ವರ, ಕೆಮ್ಮು. ವೈದ್ಯರು ನಾಡಿ ಹಿಡಿದು, "ಸಂಕ್ರಾಂತಿ ದಾಟಿದರೆ ಹೆಚ್ಚು" ಅಂದರು. ಅವಳಿಗೆ ಸಂತೋಷವೇ ಆಯಿತು. "ಸಂಕ್ರಾಂತಿ ದಾಟ್ಲೇಬೇಕು. ಉತ್ತರಾಯಣ ಬರದೆ ನಾನ್ಯಾಕೆ ಸಾಯಲಿ? ಭೀಷ್ಮ ಬಾಣದ ಮೇಲೆ ಮಲಗಿ ಕಾದ. ನನಗೆ ಹಾಸಿಗೆ ಇದೆ."

ಅವಳ ಸಿದ್ಧತೆಯಲ್ಲಿ ಕೊರತೆ ಇಲ್ಲ. ಮಂಚದ ಕೆಳಗೆ ಶವವಸ್ತ್ರ, ತುಪ್ಪದ ಗಡಿಗೆ, ಒಂದು ಗೇಣು ಶ್ರೀಗಂಧದ ತುಂಡು. ಚಿತೆಗೆ ಬೆಂಕಿ ಕೊಡುವ ಮಸಣದ ಡೋಮ ಝಿಂಗುರ್‌ನನ್ನು ವರ್ಷಕ್ಕೊಮ್ಮೆ ಕರೆಸಿ, ಒಣ ಮಾವಿನ ಸೌದೆ ಇಡುತ್ತಾನೋ ಹಸಿಯದೋ ಎಂದು ವಿಚಾರಿಸುತ್ತಾಳೆ. ನಮ್ಮ ಕ್ಷೌರಿಕ ಭಗೇಲೂಗೆ ಹೇಳಿಟ್ಟಿದ್ದಾಳೆ: "ಬೇನಿಯಾನ ತಲೆ ನೀನೇ ಬೋಳಿಸ್ಬೇಕು. ಘಾಟಿನ ಕ್ಷೌರಿಕರು ಕಿವಿ ಕುಯ್ತಾರೆ."

ಅವಳಿಗೆ ಬೆಂಕಿ ಇಡುವವನು ನಾನೊಬ್ಬನೇ. ಅಪ್ಪ ಸಾಯುವಾಗ ಕೈಮೇಲೆ ಕೈ ಇಡಿಸಿ ಕೇಳಿದ ಮಾತು. ಅದೊಂದನ್ನು ನೆಟ್ಟಗೆ ಮುಗಿಸಿದರೆ ನನ್ನ ಜೀವನದಲ್ಲಿ ಬೇರೆ ಸಾಲ ಇಲ್ಲ.

ಡಿಸೆಂಬರ್ 26, ಅಮಾವಾಸ್ಯೆ

ಊರು ಮುಚ್ಚಿದೆ. ಬಾಗಿಲು ಹಾಕಿದೆ ಅಂತಲ್ಲ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಹೋಗಿದ್ದಾರೆ. ಕಮ್ಮಾರರು ಮೊದಲು ಹೊರಟರು. ಆಮೇಲೆ ನೇಕಾರರು, ದೋಣಿಯವರು, ಕುಂಬಾರರು, ಮಿಠಾಯಿ ಮಾಡುವ ಹಲವಾಯಿಗಳು. ಊರಾಚೆಯ ಬಯಲಿನಲ್ಲಿ ಕೂತಿದ್ದಾರೆ. ‘ಮನೆ ಇದ್ದರೆ ತಾನೆ ತೆರಿಗೆ? ನಾವು ಮನೆಯಲ್ಲೇ ಇಲ್ಲ’ ಎನ್ನುವುದು ವಾದ. ಒಂದೊಂದು ಜಾತಿಯೂ ಗಂಗೆಯ ನೀರು ಹಿಡಿದು ಆಣೆ ಮಾಡಿದೆ: ತೆರಿಗೆ ಹೋಗುವವರೆಗೆ ಕೆಲಸ ಮುಟ್ಟುವುದಿಲ್ಲ.

ಪಾನ್ ಅಂಗಡಿಯೂ ಇಲ್ಲ. ಪಾನ್ ಇಲ್ಲದ ಬನಾರಸಿ ಎರಡು ದಿನದಲ್ಲಿ ಮನೆಗೆ ಬರುತ್ತಾನೆ ಎಂದು ಕಚೇರಿಯಲ್ಲಿ ಹೇಳಿದೆ. ಸಾಹೇಬ ನಕ್ಕ. ಅವನು ನನ್ನ ಮಾತಿಗೆ ನಕ್ಕಿದ್ದು ಹನ್ನೊಂದು ವರ್ಷದಲ್ಲಿ ಎರಡನೇ ಸಲ.

ಡಿಸೆಂಬರ್ 29

ಪಾನ್ ಇಲ್ಲದೆ ನಾಲ್ಕು ದಿನ. ಯಾರೂ ಬಂದಿಲ್ಲ. ನನಗೇ ಬಾಯಿ ಸಪ್ಪೆ.

ಗಡ್ಡ ತುರಿಸುತ್ತಿದೆ. ಬೋಳಿಸಿಕೊಳ್ಳಲು ಭಗೇಲೂನನ್ನು ಹುಡುಕಿಕೊಂಡು ಬಯಲಿಗೆ ಹೋದೆ. ಕ್ಷೌರಿಕರೆಲ್ಲ ಹುಣಸೆಮರದ ಕೆಳಗೆ ಕೂತು ಹುರಿಗಡಲೆ ಹಿಟ್ಟಿನ ‘ಸತ್ತು’ ಕಲಸುತ್ತಿದ್ದರು. ಊರಿನ ಗಡ್ಡ ಬೋಳಿಸುವವರಿಗೆಲ್ಲ ಮೊಣಕೈಯುದ್ದ ಗಡ್ಡ ಬರುವ ಲಕ್ಷಣ ಕಾಣುತ್ತಿತ್ತು.

"ಬನ್ನಿ ಮುನ್ಶಿಜೀ," ಅಂದ ಭಗೇಲೂ. "ಈ ಬಯಲನ್ನೂ ಅಳೀತೀರಾ? ಛಾವಣಿ ಸ್ವಲ್ಪ ಎತ್ತರ ಇದೆ, ಏಣಿ ತಂದಿದೀರಾ?"

"ಗಡ್ಡ ಬೋಳಿಸು ಮಾರಾಯ."

"ಕತ್ತಿ ಗಂಗಮ್ಮನ ಆಣೆಗೆ ಕಟ್ಟುಬಿದ್ದಿದೆ."

ನಾನು ಧ್ವನಿ ತಗ್ಗಿಸಿ ಬುವಾಳ ವಿಷಯ ಎತ್ತಿದೆ. ಅವನ ನಗು ಹೋಯಿತು. "ಮುನ್ಶಿಜೀ, ನಿನ್ನೆ ಮೂರು ಹೆಣ ಹಾಗೇ ನೀರಿಗೆ ಬಿಟ್ರು. ಡೋಮರು ಬೆಂಕಿ ಕೊಡ್ತಿಲ್ಲ, ನಾವು ತಲೆ ಬೋಳಿಸ್ತಿಲ್ಲ. ಇಲ್ಲಿ ಕೂತವರ ಮನೆ ಹೆಣಕ್ಕೇ ಇಲ್ಲ. ನಿಮ್ಮಂಥ ಕಚೇರಿಯವರ ಮನೆದು ಕೇಳ್ಬೇಡಿ. ನೀವು ಆ ಚಾಕರಿ ಬಿಟ್ಟು ಬಂದು ಕೂತ್ಕೊಳ್ಳಿ. ಆಗ ಪಂಚಾಯಿತಿಗೆ ಒಂದು ಮಾತು ಕೇಳ್ಬಹುದು."

ಒಬ್ಬ ಕ್ಷೌರಿಕ ನನಗೆ ಚಾಕರಿ ಬಿಡು ಎನ್ನುತ್ತಾನೆ! ಹನ್ನೊಂದು ವರ್ಷದ ಕೆಲಸ. ತಿರುಗಿ ನೋಡದೆ ಬಂದೆ. ಅವರ ಸತ್ತುವಿಗೆ ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿದ್ದರು. ವಾಸನೆ ಚೆನ್ನಾಗಿತ್ತು.

ಡಿಸೆಂಬರ್ 30

ಬುವಾಳಿಗೆ ಏನೂ ಹೇಳಬಾರದು ಅಂದುಕೊಂಡಿದ್ದೆ. ಇಮರ್ತಿ ಬೆಳಿಗ್ಗೆಯೇ ಎಲ್ಲ ಹೇಳಿದ್ದಾಳೆ. ಕೇಳಿದರೆ, "ಸಾಯೋರು ಅವರು. ಅವರಿಗೆ ಗೊತ್ತಿರ್ಬೇಕಲ್ವಾ?" ಅಂದಳು.

ಬುವಾ ಗೋಡೆಗೆ ಒರಗಿ ಕೂತಿದ್ದಳು. ವಾರದಿಂದ ಅವಳು ಎದ್ದು ಕೂತಿರಲಿಲ್ಲ.

"ಝಿಂಗುರ್ ಬೆಂಕಿ ಕೊಡಲ್ವಂತೆ?"

"ಇಲ್ಲ ಬುವಾ."

"ಭಗೇಲೂ ಕತ್ತಿ ಹಿಡಿಯಲ್ವಂತೆ?"

"ಇಲ್ಲ."

"ಮತ್ತೆ ನನ್ನನ್ನ ಮೀನಿಗೆ ಹಾಕ್ತೀಯಾ? ಹನ್ನೊಂದು ವರ್ಷ ಕಾದಿದ್ದು ಕಟ್ಲಾ ಮೀನಿನ ಹೊಟ್ಟೆಗೆ ಹೋಗೋಕಾ?" ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಆಗಲ್ಲ. ನಾನೀಗ ಸಾಯಲ್ಲ. ಬಹೂ ಇಮರ್ತಿ, ಒಂದು ಬಟ್ಟಲು ಗಂಜಿ ತಾ."

ಗಂಜಿ ಕುಡಿದಳು. ಆಮೇಲೆ ಇನ್ನೊಂದು ಬಟ್ಟಲು ಕುಡಿದಳು.

ಜನವರಿ 2, 1811

ವೈದ್ಯರು ಬಂದಿದ್ದರು. ಅವರೂ ಬಯಲಿನಲ್ಲಿ ಕೂರುತ್ತಾರೆ, ಆದರೆ ಕುತೂಹಲಕ್ಕೆ ನಾಡಿ ಹಿಡಿಯಬಹುದಂತೆ. ಜ್ವರ ಇಳಿದಿದೆ. "ಇದು ಔಷಧಿಯ ಕೆಲಸ ಅಲ್ಲ, ಹಟದ್ದು," ಎಂದು ಬೇಸರದಿಂದ ಹೇಳಿದರು.

ಈಗ ಬುವಾ ಬಯಲಿಗೆ ಹೋಗಬೇಕಂತೆ. ಕ್ಷೇತ್ರದ ಆಚೆ ಸತ್ತರೆ ಮುಕ್ತಿ ತಪ್ಪೀತು ಎಂದು ಹನ್ನೊಂದು ವರ್ಷದಿಂದ ಬ್ರಹ್ಮನಾಳದ ತಿರುವು ದಾಟದವಳು!

"ಬಯಲು ಪಂಚಕ್ರೋಶಿ ಎಲ್ಲೆ ಒಳಗಿದೆಯೋ ಹೊರಗೋ?"

"ಒಳಗೇ."

"ಮತ್ತೇನು ನಿನ್ನ ನೋವು? ಊರೆಲ್ಲ ಅಲ್ಲಿ ಕೂತಿದೆ. ಝಿಂಗುರ್, ಭಗೇಲೂ ಅಲ್ಲಿದಾರೆ. ನನ್ನ ಸಾವಿಗೆ ಬೇಕಾದವರೆಲ್ಲ ಅಲ್ಲಿರುವಾಗ ನಾನು ಇಲ್ಲಿ ಗೋಡೆ ನೋಡ್ಕೊಂಡು ಏನು ಮಾಡ್ಲಿ?"

ಡೋಲಿ ಹೊರುವವರೂ ಹರತಾಳದಲ್ಲಿದ್ದಾರೆ. ಬೆನ್ನ ಮೇಲೆ ಹೊತ್ತುಕೊಂಡು ಹೋದೆ. ತೂಕ ಇಲ್ಲ, ಆದರೆ ದಾರಿಯುದ್ದ ಕಿವಿಯಲ್ಲಿ ಮಾತು. ಕಾಯಿಲೆಯವಳಿಗೆ ಬಿಸಿಲು ಒಳ್ಳೆಯದು. ಅಷ್ಟಕ್ಕೇ ಕರೆದುಕೊಂಡು ಹೋಗಿದ್ದು. ಕಚೇರಿಗೆ ತಡವಾಗಿ ಹೋದೆ.

ಜನವರಿ 6

ದಿನವೂ ಅವಳನ್ನು ಬಿಟ್ಟು ಬರುವುದು, ಸಂಜೆ ಕರೆತರುವುದು. ಬಯಲಿನಲ್ಲಿ ಬುವಾ ನೇಕಾರರ ಮುಖಂಡ ಮಕ್ಕೂ ಮಿಯಾಂ ಪಕ್ಕದಲ್ಲಿ ಕೂರುತ್ತಾಳೆ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಕೆಮ್ಮು. ಯಾರ ಕೆಮ್ಮು ಜೋರು ಎಂಬ ಬಗ್ಗೆ ಅವರಲ್ಲಿ ಪೈಪೋಟಿ ಇದೆ.

ಇವತ್ತು ಅವರು ಸಾಹೇಬನಿಗೆ ಬರೆದ ಅರ್ಜಿ ನೋಡಿದೆ. ಅಯ್ಯೋ, ಎಂಥ ಫಾರಸಿ! ಮೊದಲ ಸಾಲಿನಲ್ಲೇ ‘ತಮ್ಮ ಪಾದದ ಧೂಳು’ ಎಂದು ಮೂರು ಸಲ ಬರೆದು, ನಾಲ್ಕನೇ ಸಾಲಿನಲ್ಲಿ ‘ನಿಮ್ಮಪ್ಪನ ಮನೆಯಾ ಇದು’ ಎನ್ನುವ ಅರ್ಥ ಬರುವಂತೆ ಬರೆದಿದ್ದರು. ಅಂಥದ್ದನ್ನು ನೋಡಿ ಸುಮ್ಮನಿರುವುದು ಕಾಯಸ್ಥನಿಗೆ ಆಗದ ಕೆಲಸ. ಧೂಳು ಒರೆಸಿದೆ. ಹಿಂದಿನ ಯಾವ ಬಾದಶಹನೂ ಬಡವನ ಸೂರಿಗೆ ಕೈ ಹಾಕಿರಲಿಲ್ಲ, ಮನೆ ಎಂದರೆ ಬೆಳೆಯಲ್ಲ, ವರ್ಷಕ್ಕೆರಡು ಸಲ ಕೊಯ್ಯಲು ಬರುವುದಿಲ್ಲ ಎಂದು ಎರಡು ಸಾಲು ಸೇರಿಸಿದೆ. ಮಕ್ಕೂ ಮಿಯಾಂ ಎರಡೆರಡು ಸಲ ಓದಿಸಿಕೊಂಡ.

ತಪ್ಪು ತಿದ್ದಿದ್ದು, ಅಷ್ಟೇ. ನೆಟ್ಟಗಿನ ಫಾರಸಿ ಬರೆದರೆ ದಂಗೆ ಆಗುವುದಿಲ್ಲ.

ಜನವರಿ 8

ಸಾಹೇಬ ಕರೆದು ಹೊಸ ಕೆಲಸ ಕೊಟ್ಟ. ಬಯಲಿಗೆ ಹೋಗಿ ಅಲ್ಲಿ ಕೂತ ಒಬ್ಬೊಬ್ಬರ ಹೆಸರು ಬರೆದುಕೊಂಡು ಬರಬೇಕು. ಪಟ್ಟಿ ಬಂದ ಮೇಲೆ ಸಿಪಾಯಿಗಳು ಮುಖಂಡರನ್ನು ಹಿಡಿಯುತ್ತಾರೆ, ಉಳಿದವರ ಮನೆ ಜಪ್ತಿ. "ನಿನ್ನ ದಫ್ತರ ಎಲ್ಲರದಕ್ಕಿಂತ ಅಚ್ಚುಕಟ್ಟು. ಅದಕ್ಕೇ ನಿನಗೆ ಹೇಳುತ್ತಿದ್ದೇನೆ," ಅಂದ.

ಹನ್ನೊಂದು ವರ್ಷದಲ್ಲಿ ಮೊದಲ ಹೊಗಳಿಕೆ. ಊಟ ಸೇರಲಿಲ್ಲ.

ಇಮರ್ತಿ ಬುವಾಳ ಹಾಸಿಗೆಯ ಕಡೆ ನೋಡಿ ಕೇಳಿದಳು, "ಅಮ್ಮಾಜಿ ಹೆಸರೂ ಬರೀತೀರಾ?"

"ಬಯಲಲ್ಲಿ ಇದ್ದರೆ ಬರೆಯಬೇಕು."

"ಹಾಗಾದ್ರೆ ನನ್ನದೂ ಬರ್ಕೊಳ್ಳಿ. ನಾಳೆಯಿಂದ ನಾನೂ ಹೋಗ್ತೀನಿ. ಮನೇಲಿ ಒಲೆ ಹಚ್ಚಲ್ಲ. ಹಸಿವಾದ್ರೆ ಅಲ್ಲಿಗೇ ಬನ್ನಿ."

ಜನವರಿ 10

ಪಟ್ಟಿ ಮಾಡಿದೆ. ಎರಡು ದಿನ ಹಿಡಿಯಿತು. ಒಬ್ಬೊಬ್ಬರ ಎದುರೂ ಕೂತು ಹೆಸರು ಕೇಳಿದೆ, ಹೇಳಿದ ಹಾಗೆ ಬರೆದೆ. ಭಗೇಲೂ, ಝಿಂಗುರ್, ಮಕ್ಕೂ ಮಿಯಾಂ, ಇಮರ್ತಿ, ಎಲ್ಲರದೂ ಇದೆ. ಬುವಾ ತನ್ನದನ್ನು ಹೇಳಿ, "ಓದು ನೋಡೋಣ," ಅಂದಳು. ಓದಿದೆ. "ಈಗ ಸರಿಯಾಗಿ ಬರೆದೆ," ಅಂದಳು.

ಅಕ್ಷರ ಚೆನ್ನಾಗಿ ಬಂದಿದೆ. ಎಲ್ಲೂ ಚಿತ್ತಿಲ್ಲ.

ಜನವರಿ 11

ಸಾಹೇಬ ಪಟ್ಟಿ ಕೈಗೆತ್ತಿಕೊಂಡ. ಮೊದಲ ಹಾಳೆ ಓದಿದ. ಎರಡನೆಯದು ಓದಿದ. ಆಮೇಲೆ ಓದುವುದು ಬಿಟ್ಟು ಹಾಳೆ ಮಾತ್ರ ತಿರುವಿದ.

"ಆರುನೂರ ಹನ್ನೆರಡು ಸಲ ವಿಶ್ವನಾಥ."

"ಹೌದು ಹುಜೂರ್."

"ಮುನ್ನೂರ ನಲವತ್ತು ಸಲ ಅಲ್ಲಾಹನ ದಾಸ."

"ಅದು ನೇಕಾರರ ಕಡೆಯದು ಹುಜೂರ್."

"ಇಲ್ಲೊಬ್ಬಳು ವಿಶ್ವನಾಥನ ಅತ್ತೆ?"

"ಆಕೆ ಹಾಗೆಯೇ ಹೇಳಿದಳು. ಮುನ್ಶಿಯ ಕೆಲಸ ಜನ ಹೇಳಿದ್ದನ್ನು ಬರೆಯುವುದು, ಹುಜೂರ್."

ಹಿಂದೆ ನಿಂತಿದ್ದ ಇನಾಯತ್ ವಿಪರೀತ ಕೆಮ್ಮುತ್ತಾ ಹೊರಗೆ ಹೋದ. ಸಾಹೇಬ ಬಾಗಿಲು ತೋರಿಸಿದ. ಹನ್ನೊಂದು ವರ್ಷದ ಕೆಲಸ ಹೋಗಲು ಹಿಡಿದದ್ದು ಒಂದು ಗಳಿಗೆ. ತಪ್ಪು ನನ್ನದಲ್ಲ. ನಾನು ಅಪ್ಪಣೆಯಂತೆ ನಡೆದೆ.

ನಾಳೆ ಖಿಚಡಿ ಹಬ್ಬ, ಸಂಕ್ರಾಂತಿ. ಬಯಲಿನಲ್ಲೇ ದೊಡ್ಡ ಕಡಾಯಿ ಇಡುತ್ತಾರಂತೆ. ಬೇಳೆ ಆರಿಸಲು ಜನ ಸಾಲದು ಎಂದು ಬುವಾ ಹೇಳಿ ಕಳಿಸಿದ್ದಾಳೆ. ಹೋಗಬೇಕು.

ಜನವರಿ 16

ಉತ್ತರಾಯಣ ಬಂದು ನಾಲ್ಕು ದಿನ. ಬುವಾ ಖಿಚಡಿಗೆ ತುಪ್ಪ ಕಡಿಮೆಯಾಯಿತೆಂದು ಮಂಚದ ಕೆಳಗಿನ ಗಡಿಗೆ ತರಿಸಿದಳು. ಚಿತೆಗೆ ಇಟ್ಟಿದ್ದು. "ಚಿತೆಗೆ ಎಳ್ಳೆಣ್ಣೆ ಹಾಕು, ಉರಿಯೋದು ಹೇಗೂ ಉರಿಯುತ್ತೆ."

ಜನವರಿ 20

ಚಳಿ. ಬರೆಯಲು ಏನಿಲ್ಲ. ನಿನ್ನೆ ರಾತ್ರಿ ಬಯಲಿನಲ್ಲೇ ಮಲಗಿದ್ದೆವು, ಮೊನ್ನೆಯೂ.

ಗಡ್ಡ ಈಗ ತುರಿಸುವುದಿಲ್ಲ.

ಜನವರಿ 24, ಮೌನಿ ಅಮಾವಾಸ್ಯೆ

ಇವತ್ತಿನದನ್ನು ವಿವರವಾಗಿ ಬರೆಯಬೇಕು. ನಾಳೆ ಯಾರಾದರೂ ಕೇಳಿದರೆ ಸರಿಯಾದದ್ದು ಒಂದು ಕಡೆ ಇರಲಿ.

ಇವತ್ತು ಮಾತಾಡಬಾರದು, ಮೌನವ್ರತ. ಬಯಲಿನಲ್ಲಿ ಸಾವಿರಾರು ಬನಾರಸಿಗಳು ಬಾಯಿ ಮುಚ್ಚಿ ಕೂತಿದ್ದರು. ತಿಂಗಳಿಂದ ನಮ್ಮ ಬೈಗುಳ ಕೇಳಿ ಒಗ್ಗಿದ್ದ ಸಿಪಾಯಿಗಳು ಈ ಮೌನಕ್ಕೆ ಹೆದರಿ ನೂರು ಹೆಜ್ಜೆ ಹಿಂದೆ ಸರಿದು ನಿಂತರು.

ಬುವಾ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮೌನಿ ಅಮಾವಾಸ್ಯೆಯ ವ್ರತ ಮುಗಿಸಿದವಳಲ್ಲ. ಎದ್ದ ಗಳಿಗೆಯಲ್ಲೇ "ಇವತ್ತು ಮಾತಾಡ್ಬಾರ್ದು ಕಣೋ" ಎಂದು ಎಲ್ಲರಿಗೂ ಹೇಳುತ್ತಾ ಮುರಿಯುತ್ತಿದ್ದಳು. ಇವತ್ತು ಬೆಳಿಗ್ಗೆ ಅದನ್ನೂ ಹೇಳಲಿಲ್ಲ. ಬಿಸಿಲೇರಿತು. ಮಕ್ಕೂ ಮಿಯಾಂ ಜೋರಾಗಿ ಕೆಮ್ಮಿದ. ಅವಳಿಂದ ಉತ್ತರವಿಲ್ಲ. ಕಣ್ಣು ಮುಚ್ಚಿತ್ತು. ಭುಜ ಅಲುಗಿಸಿದೆ, ತೆರೆಯಲಿಲ್ಲ. ಕೈ ತಣ್ಣಗಿತ್ತು.

ವೈದ್ಯರು ಓಡಿ ಬಂದರು. ಅವರಿಗೂ ಮೌನ. ನಾಡಿ ಹುಡುಕಿದರು, ಅಲ್ಲಿ ಇಲ್ಲಿ ಒತ್ತಿದರು, ಕೊನೆಗೆ ಒಂದು ಕೈ ಮೇಲಕ್ಕೆ ಎತ್ತಿ ತೋರಿಸಿದರು. ಮೇಲೆ ಹೋದಳು ಎಂದು ಎಲ್ಲರಿಗೂ ಅರ್ಥವಾಯಿತು. (ಸಂಜೆ ಮೌನ ಬಿಟ್ಟ ಮೇಲೆ ಅವರು ಹೇಳಿದ್ದು: "ನಾಡಿ ಸಿಗ್ತಿಲ್ಲ, ದೇವರಿಗೇ ಗೊತ್ತು ಅಂದೆ ಮಾರಾಯ!")

ಆಗ ನನ್ನ ಕಣ್ಣಿಗೆ ಹೊಗೆ ತಾಗಿತು. ಇವತ್ತು ಬಯಲಿನಲ್ಲಿ ಉಪವಾಸ, ಒಂದು ಒಲೆಯೂ ಹಚ್ಚಿರಲಿಲ್ಲ. ಆದರೂ ಹೊಗೆಯೇ ಇರಬೇಕು.

ಮುಂದಿನ ಪ್ರಶ್ನೆ ಎಲ್ಲರ ಮುಖದಲ್ಲೂ ಇತ್ತು: ಈ ಹೆಣಕ್ಕೆ ಬೆಂಕಿಯೋ, ನೀರೋ? ಪಂಚಾಯಿತಿ ಸೇರಬೇಕು, ಆದರೆ ಪಂಚರಿಗೆಲ್ಲ ಮೌನ. ಇಡೀ ಬಯಲಿನಲ್ಲಿ ಮಾತಾಡುವ ಹಕ್ಕಿದ್ದದ್ದು ಮುಸಲ್ಮಾನ ನೇಕಾರರಿಗೆ ಮಾತ್ರ. ಹೀಗಾಗಿ ಹಿಂದೂ ಹೆಂಗಸೊಬ್ಬಳ ಅಂತ್ಯಕ್ರಿಯೆಯ ವ್ಯಾಜ್ಯವನ್ನು ಮಕ್ಕೂ ಮಿಯಾಂ ನಡೆಸಿದ.

ಎದ್ದು ನಿಂತು ಗಂಟಲು ಸರಿ ಮಾಡಿಕೊಂಡ. "ಭಾಯಿಗಳೇ, ತಲೆ ಆಡಿಸಿ ಸಾಕು. ಈ ಮುದುಕಿ ಇಪ್ಪತ್ತೆರಡು ದಿನ ನನ್ನ ಪಕ್ಕದಲ್ಲಿ ಕೂತಿದ್ಲು. ನನ್ನ ಕೆಮ್ಮಿಗೆ ಹೆಸರಿಟ್ಲು, ನನ್ನ ನೇಯ್ಗೆಗೆ ಹೆಸರಿಟ್ಲು, ತನ್ನ ಚಿತೆ ತುಪ್ಪಾನ ನಿಮ್ಮ ಖಿಚಡಿಗೆ ಹಾಕಿದ್ಲು. ತಿಂದವರು ತಲೆ ಆಡಿಸಿ."

ತಲೆಗಳು ಆಡಿದವು.

"ಇವಳ ಸೋದರಳಿಯ, ಈ ಮುನ್ಶಿ, ಮೊದಲು ನಮ್ಮ ಗೋಡೆ ಅಳೆದ. ಆಮೇಲೆ ನಮ್ಮೆಲ್ಲರ ಹೆಸರು ವಿಶ್ವನಾಥ ಅಂತ ಬರೆದು ಮನೆಗೆ ಬಂದ. ಇವನು ನಮ್ಮವನೋ, ಅವರವನೋ?"

ನಾನು ಆಕ್ಷೇಪ ಎತ್ತಬೇಕೆಂದಿದ್ದೆ. ಬರೆದದ್ದು ಕರ್ತವ್ಯದ ದೃಷ್ಟಿಯಿಂದ ಎಂದು ಹೇಳಬೇಕಿತ್ತು. ಆದರೆ ನನಗೂ ಮೌನ.

ಕಮ್ಮಾರರ ಮುಖಂಡ ಎದೆ ಮೇಲೆ ಕೈ ಇಟ್ಟುಕೊಂಡ. ದೋಣಿಯವರು ತಲೆ ಆಡಿಸಿದರು. ಝಿಂಗುರ್ ಎದ್ದು, ನನ್ನನ್ನೇ ನೋಡುತ್ತಾ ನಿಧಾನವಾಗಿ ತಲೆ ಆಡಿಸಿದ. "ಝಿಂಗುರ್ ಭಾಯಿ, ನಿಮ್ಮ ಬೆಂಕಿ ಇವಳಿಗೆ," ಅಂದ ಮಕ್ಕೂ. ಕ್ಷೌರಿಕರ ಪಂಚರು ಭಗೇಲೂ ಕಡೆ ಬೊಟ್ಟು ಮಾಡಿದರು. ಅವನು ಪೆಟ್ಟಿಗೆ ಬಿಚ್ಚಿದ. ಒಂದು ತಿಂಗಳ ಮೇಲೆ ಬನಾರಸದಲ್ಲಿ ಕತ್ತಿ ಹೊರಬಂದದ್ದು ಆಗಲೇ.

ನಾಲ್ವರು ಹಸಿ ಬಿದಿರು ತಂದು ಚಟ್ಟ ಕಟ್ಟತೊಡಗಿದರು. ನಾನು ನೀರು ಹಚ್ಚಿಕೊಂಡು ಕೂತೆ. ಭಗೇಲೂ ಬಲಗಡೆಯಿಂದ ಶುರುಮಾಡಿದ. ಗಡ್ಡದ ಬಲಭಾಗ, ಮೀಸೆಯ ಬಲಭಾಗ, ತಲೆಯ ಬಲಭಾಗ. ಕತ್ತಿ ಕಿವಿಗೆ ತಾಗಲಿಲ್ಲ. ಬುವಾ ಸರಿಯಾಗೇ ಹೇಳಿದ್ದಳು.

ನೆತ್ತಿಯ ಗೆರೆ ಮುಟ್ಟಿದಾಗ ಇಮರ್ತಿ ನನ್ನ ತೋಳು ಹಿಡಿದಳು. ಬುವಾ ಕಣ್ಣು ತೆರೆದಿದ್ದಳು. ಚಟ್ಟ ನೋಡಿದಳು, ಝಿಂಗುರ್‌ನನ್ನು ನೋಡಿದಳು, ಕೊನೆಗೆ ನನ್ನ ತಲೆ ನೋಡಿದಳು. ಬಾಯಿ ತೆರೆದು ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಕೈಗೆ ಬಂದಿದ್ದ ವ್ರತ! ಮುರಿಯಲಿಲ್ಲ. ಪಕ್ಕದಲ್ಲಿದ್ದ ತಾಮ್ರದ ಚೊಂಬು ಎತ್ತಿ ಭಗೇಲೂ ಮೇಲೆ ಎಸೆದಳು. ಗುರಿ ತಪ್ಪಲಿಲ್ಲ.

ಯಾರೂ ಮಾತಾಡುವ ಹಾಗಿಲ್ಲ, ಆದರೆ ನಗಬಾರದೆಂದು ಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಆ ಬಯಲು ನಕ್ಕ ಸದ್ದಿಗೆ ಸಿಪಾಯಿಗಳು ಇನ್ನೂ ನೂರು ಹೆಜ್ಜೆ ಹಿಂದೆ ಹೋದರು.

ಭಗೇಲೂ ಕತ್ತಿ ಒರೆಸಿ ಪೆಟ್ಟಿಗೆಗೆ ಹಾಕಿದ. ನಾನು ನನ್ನ ಎಡಗಡೆ ತೋರಿಸಿದೆ. ಅವನು ಇಲ್ಲ ಎಂದು ತಲೆ ಆಡಿಸಿದ.

ಜನವರಿ 25

ಮೌನ ಮುಗಿದ ಮೇಲೆ ಭಗೇಲೂನ ವಾದ ಇದು: "ಪಂಚಾಯಿತಿ ಅಪ್ಪಣೆ ಕೊಟ್ಟಿದ್ದು ಸಾವಿಗೆ. ಸಾವು ಆಗ್ಲಿಲ್ಲ. ಈಗ ಉಳಿದರ್ಧ ಬೋಳಿಸಿದ್ರೆ ಅದು ಬರೀ ಕ್ಷೌರ. ಹರತಾಳ ಮುರಿದಂತೆ ಆಗುತ್ತೆ ಮುನ್ಶಿಜೀ."

"ಹಾಗಾದರೆ ನಾನು ಹೀಗೇ ಇರಬೇಕಾ?"

"ಹರತಾಳ ಮುಗಿದ ದಿನ ಮೊದಲ ಕತ್ತಿ ನಿಮಗೇ. ಗಂಗಮ್ಮನಾಣೆ."

ಬುವಾ ಮಕ್ಕೂ ಮಿಯಾಂಗೆ ಹೇಳುತ್ತಿದ್ದಳು: "ನಾನು ಹೆಣದ ಥರ ಇದ್ದಾಗ ನೀನು ಏನೇನು ಹೇಳ್ದೆ ಅಂತ ಎಲ್ಲ ಕೇಳಿಸ್ಕೊಂಡೆ. ಖಿಚಡಿ ವಿಷಯ ಚೆನ್ನಾಗಿ ಹೇಳ್ದೆ. ಕೆಮ್ಮಿನ ವಿಷಯ ಬೇಕಿರ್ಲಿಲ್ಲ."

ಕೇಳಿಸಿಕೊಂಡಿದ್ದಳಂತೆ! "ಮತ್ತೆ ಯಾಕೆ ಕಣ್ಣು ತೆರೆಯಲಿಲ್ಲ?" ಎಂದು ಕೇಳಿದೆ.

"ಬೆಂಕಿ ಸಿಗುತ್ತೋ ಇಲ್ವೋ ನೋಡೋಣ ಅಂತ."

ಜನವರಿ 30

ಕಲ್ಕತ್ತದಿಂದ ಉತ್ತರ ಬರುವವರೆಗೆ ವಸೂಲಿ ನಿಲ್ಲಿಸಿದ್ದಾರೆ. ಜನ ಎದ್ದರು. ಭಗೇಲೂ ಮಾತು ಉಳಿಸಿಕೊಂಡ. ಮೊದಲ ಕತ್ತಿ ನನಗೆ. ಎಡಗಡೆಯದನ್ನೂ ಬೋಳಿಸಿ, "ಈಗ ಸರಿಸಮ," ಅಂದ. ಬಲಗಡೆ ಆಗಲೇ ಚಿಗುರಿತ್ತು.

ಊರೆಲ್ಲ ಈಗ ಬುವಾಳನ್ನು ಕಾಯುತ್ತಿದೆ. ಉತ್ತರಾಯಣ ಇದೆ, ಕತ್ತಿ ಇದೆ, ಒಣ ಮಾವಿನ ಸೌದೆಯನ್ನು ಝಿಂಗುರ್ ಬೇರೆ ಇಟ್ಟಿದ್ದಾನೆ. "ಅಮ್ಮಾ, ಯಾವಾಗ ಅಂತ ಸ್ವಲ್ಪ ಹೇಳಿದ್ರೆ..." ಎಂದು ಬಾಗಿಲಲ್ಲಿ ನಿಂತು ಕೇಳಿದ.

"ನಿಲ್ಲಿಸಿದಾರೆ ಅಷ್ಟೇ, ತೆಗೆದಿಲ್ಲ," ಅಂದಳು ಬುವಾ. "ಇವನ ದಫ್ತರದಲ್ಲಿ ನಾನಿನ್ನೂ ಮನೆ ಒಡತಿ. ಆ ಹೆಸರು ಹೊಡೆದುಹಾಕಲಿ. ಆಮೇಲೆ ನೋಡೋಣ."

ಮೇ 13, 1812

ಈ ಪುಸ್ತಕ ಅಕ್ಕಿ ಗುಡಾಣದ ಹಿಂದೆ ಸಿಕ್ಕಿತು. ಒಂದು ವರ್ಷದ ಮೇಲಾಯಿತು ಬರೆಯದೆ. ದಿನವೆಲ್ಲ ಘಾಟಿನಲ್ಲಿ ಕೂತು ಯಾತ್ರಿಕರಿಗೆ ಕಾಗದ, ಊರವರಿಗೆ ಅರ್ಜಿ ಬರೆಯುತ್ತೇನೆ. ಹೆಚ್ಚಿನ ಅರ್ಜಿಗಳು ಸರ್ಕಾರದ ಮೇಲೆಯೇ. ಮನೆಗೆ ಬಂದರೆ ಬರೆಯುವ ಆಸೆ ಉಳಿಯುವುದಿಲ್ಲ.

ಇವತ್ತು ಬರೆಯಬೇಕು. ಮನೆ ತೆರಿಗೆ ರದ್ದಾಗಿದೆ. ಡಂಗುರ ಸಾರಿದರು. ನಾನು ನೇರವಾಗಿ ಕಚೇರಿಗೆ ಹೋದೆ. ಮೀರ್ ಇನಾಯತ್ ಹಳೆಯ ದಫ್ತರ ತೆಗೆದು ಬ್ರಹ್ಮನಾಳದ ಹಾಳೆ ಹುಡುಕಿದ. ನನ್ನ ಅಕ್ಷರ ನಿಜಕ್ಕೂ ಚೆನ್ನಾಗಿತ್ತು. "ನೀನೇ ಹೊಡೆದುಹಾಕು ಭಾಯಿ, ನಾನು ನೋಡಿಲ್ಲ," ಎಂದು ಲೇಖನಿ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತ.

ಮನೆಗೆ ಬಂದು ಬುವಾಳ ಹಾಸಿಗೆಯ ಬಳಿ ಕೂತೆ. ಈಚೆಗೆ ಅವಳು ಎದ್ದು ಕೂರುವುದಿಲ್ಲ.

"ಹೊಡೆದುಹಾಕಿದ್ಯಾ?"

"ಹೂಂ ಬುವಾ."

"ಗೆರೆ ನೇರವಾಗಿ ಎಳೆದ್ಯಾ? ಆಮೇಲೆ ಚಿತ್ರಗುಪ್ತ ಓದೋಕೆ ಆಗಲ್ಲ ಅಂತ ತಕರಾರು ತೆಗೆದಾನು."

"ನೇರವಾಗೇ ಎಳೆದೆ."

"ಈ ಮನೆ ಯಾರದು ಈಗ?"

"ವಿಶ್ವನಾಥನದು."

"ಇಷ್ಟು ಕಲಿಯೋಕೆ ನಿನಗೆ ಇಷ್ಟು ದಿನ ಬೇಕಾಯ್ತು," ಅಂದಳು. ಗಂಜಿ ಬೇಡವೆಂದಳು. ಇಮರ್ತಿಯನ್ನು ಕರೆದು, ತಾನು ಬಿಟ್ಟಿದ್ದ ಉಪ್ಪಿನಕಾಯಿಯ ಒಂದು ಚೂರು ನಾಲಿಗೆಗೆ ಹಚ್ಚಿಸಿಕೊಂಡಳು.

ಮೇ 14

ಬೆಳಿಗ್ಗೆ ವೈದ್ಯರು ಬಂದರು. ಈ ಸಲ ಬಾಯಿಬಿಟ್ಟು ಹೇಳಿದರು. ನಾನು ಮತ್ತೆ ಎರಡು ಸಲ ಕರೆದು ನೋಡಿದೆ. ಮಕ್ಕೂ ಮಿಯಾಂ ಬಾಗಿಲಲ್ಲಿ ನಿಂತು ಜೋರಾಗಿ ಕೆಮ್ಮಿದ, ಕಾದ, ಮತ್ತೆ ಕೆಮ್ಮಿದ. ಆಮೇಲೆ ಅವನೂ ಕೂತುಬಿಟ್ಟ.

ಸೌದೆ ಒಣಗಿತ್ತು. ಗಡಿಗೆಯಲ್ಲಿ ತುಪ್ಪ ಇರಲಿಲ್ಲ. ಇಡೀ ಮೊಹಲ್ಲಾ ಒಂದೊಂದು ಚಮಚ ತಂದು ತುಂಬಿಸಿತು.

ಭಗೇಲೂ ಬಲಗಡೆ ಮುಗಿಸಿ ಕತ್ತಿ ಎತ್ತಿದ, ಅವಳ ಮುಖ ನೋಡಿದ, ಕಾದ. ನಾನೂ ಕಾದೆ. ಚೊಂಬು ಅಲ್ಲೇ ಪಕ್ಕದಲ್ಲಿತ್ತು.

ಆಮೇಲೆ ಅವನು ಎಡಗಡೆಯದನ್ನೂ ಬೋಳಿಸಿದ.